ಏಟು ಬಿದ್ದದ್ದು ಎಷ್ಟು ಗಂಟೆಗೆ?

ಪೊಲೀಸ್ ವಶದಲ್ಲಿದ್ದ ಆರೋಪಿಗೆ ಗಾಯವಾಗಿದೆ ಎಂಬ ಸುದ್ದಿ ಬಂದರೆ ಶಿರಸಿಯ ಚಹಾದಂಗಡಿಯಲ್ಲಾಗಲಿ, ಕಾರವಾರದ ಮೀನುಪೇಟೆಯಲ್ಲಾಗಲಿ ಮಾತು ಎರಡೇ ಸಾಲಿನಲ್ಲಿ ಮುಗಿಯುತ್ತದೆ. "ಕದ್ದವನಿಗೆ ನಾಲ್ಕು ಬಿಟ್ಟರೆ ತಪ್ಪೆಂತದು?" ಎನ್ನುವವರು ಒಂದು ಕಡೆ. "ಪೊಲೀಸರು ಅಂದಮೇಲೆ ಹೊಡೆಯದೇ ಬಿಡ್ತಾರಾ?" ಎನ್ನುವವರು ಇನ್ನೊಂದು ಕಡೆ. ಒಬ್ಬರು ಆರೋಪಿ ಎಂಥವನು ಎಂದು ತೂಗುತ್ತಾರೆ, ಇನ್ನೊಬ್ಬರು ಪೊಲೀಸರು ಎಂಥವರು ಎಂದು. ಕಾನೂನು ಇವೆರಡನ್ನೂ ಬದಿಗಿಟ್ಟು ಕೇಳುವ ಪ್ರಶ್ನೆ ಬಹಳ ಸಣ್ಣದು: ಆ ಏಟು ಬಿದ್ದ ಗಳಿಗೆಯಲ್ಲಿ ಆತ ಏನು ಮಾಡುತ್ತಿದ್ದ? ಓಡುತ್ತಿದ್ದನೇ, ಕತ್ತಿ ಬೀಸುತ್ತಿದ್ದನೇ, ಇಲ್ಲಾ ಲಾಕಪ್ಪಿನ ನೆಲದ ಮೇಲೆ ಕೂತಿದ್ದನೇ? ಆತ ನಿಜಕ್ಕೂ ಕದ್ದಿದ್ದಾನೋ ಇಲ್ಲವೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಒಂದು ಕಲ್ಪಿತ ಪ್ರಸಂಗ ಇಟ್ಟುಕೊಳ್ಳೋಣ. ಜುಲೈ ತಿಂಗಳು, ಜಡಿಮಳೆ. ಶಿರಸಿ ಕಡೆಯ ಒಂದು ಮನೆಯ ಉಗ್ರಾಣದಿಂದ ಒಂದು ಚೀಲ ಚಾಲಿ ಅಡಿಕೆ ಕಳುವಾಗಿದೆ. ರಾತ್ರಿ 9.40ಕ್ಕೆ ದೇವಿಮನೆ ಘಟ್ಟದ ರಸ್ತೆಯಲ್ಲಿ ಪೊಲೀಸರು ಅಡ್ಡಹಾಕಿದಾಗ ಸುಮಾರು 26 ವರ್ಷದ ಒಬ್ಬ ಬೈಕು ಬಿಟ್ಟು ಓಡುತ್ತಾನೆ, ಚರಂಡಿ ದಾಟುವಾಗ ಬೀಳುತ್ತಾನೆ, ಇಬ್ಬರು ಕಾನ್‌ಸ್ಟೆಬಲ್‌ಗಳು ಮೇಲೆ ಬಿದ್ದು ಹಿಡಿಯುತ್ತಾರೆ. 10.30ಕ್ಕೆ ಠಾಣೆ. ಮಾರನೇ ದಿನ ಬೆಳಿಗ್ಗೆ 11ಕ್ಕೆ ಸರ್ಕಾರಿ ಆಸ್ಪತ್ರೆ. ಸಂಜೆ 5.30ಕ್ಕೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ) ನ್ಯಾಯಾಲಯ. ಮೈಮೇಲೆ ಮೂರು ಬಗೆಯ ಗಾಯಗಳಿವೆ: ಅಂಗೈ, ಮೊಣಕೈ, ಮೊಣಕಾಲಿನ ಮೇಲೆ ತರಚು, ಎರಡೂ ತೊಡೆಗಳ ಹಿಂಭಾಗದಲ್ಲಿ ಜೋಡಿಗೆರೆಯಂಥ ನಾಲ್ಕು ಬಾಸುಂಡೆ, ಎರಡೂ ಅಂಗಾಲಿನಲ್ಲಿ ಬಾವು. ಪೊಲೀಸರ ವರದಿಯಲ್ಲಿ ಒಂದೇ ಸಾಲು: "ತಪ್ಪಿಸಿಕೊಳ್ಳಲು ಓಡುವಾಗ ಬಿದ್ದು ಗಾಯಗೊಂಡಿರುತ್ತಾನೆ."

ಈ ಸಾಲು ಪೂರ್ತಿ ಸುಳ್ಳಲ್ಲ. ಮೂರರಲ್ಲಿ ಒಂದಕ್ಕೆ ಅದು ಸರಿಯಾದ ಉತ್ತರವೇ. ಉಳಿದೆರಡಕ್ಕೂ ಅದನ್ನೇ ಹೊದಿಸಿದ್ದಾರೆ, ತಕರಾರು ಅಲ್ಲಿಂದ ಶುರು.

ಹಿಡಿಯಲು, ಇಟ್ಟುಕೊಳ್ಳಲು, ಬಾಯಿ ಬಿಡಿಸಲು

ಬಲಪ್ರಯೋಗ ಎಂಬ ಒಂದೇ ಪದದೊಳಗೆ ಮೂರು ಬೇರೆ ಕೆಲಸಗಳು ಅಡಗಿವೆ.

ಮೊದಲನೆಯದು ಹಿಡಿಯುವಾಗಿನ ಬಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ (ಹಳೆಯ ಸಿಆರ್‌ಪಿಸಿಯಲ್ಲಿ ಇದು 46) ಹೇಳುವುದಿಷ್ಟು: ಆತ ಮಾತಿಗೋ ಸನ್ನೆಗೋ ಶರಣಾದರೆ ಮೈ ಮುಟ್ಟುವ ಅಗತ್ಯವೂ ಇಲ್ಲ, ಬಲವಂತವಾಗಿ ಪ್ರತಿರೋಧಿಸಿದರೆ ಅಥವಾ ತಪ್ಪಿಸಿಕೊಳ್ಳಲು ನೋಡಿದರೆ ಹಿಡಿಯಲು ಬೇಕಾದ ಎಲ್ಲ ಕ್ರಮ ಕೈಗೊಳ್ಳಬಹುದು. ಇದಕ್ಕೆ ಮೇಲ್ಮಿತಿಯೂ ಅಲ್ಲೇ ಇದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪ ಇಲ್ಲದವನನ್ನು ಹಿಡಿಯುವ ನೆಪದಲ್ಲಿ ಸಾಯಿಸುವ ಹಕ್ಕು ಯಾರಿಗೂ ಇಲ್ಲ. ಅಡಿಕೆ ಕಳ್ಳತನಕ್ಕೆ ಜೀವಾವಧಿ ಶಿಕ್ಷೆ ಇಲ್ಲ. ಅಂದರೆ ಘಟ್ಟದ ಕತ್ತಲಲ್ಲಿ ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿ "ಇಲ್ಲದಿದ್ದರೆ ತಪ್ಪಿಸಿಕೊಳ್ಳುತ್ತಿದ್ದ" ಎಂದರೆ ನಡೆಯುವುದಿಲ್ಲ. ತಪ್ಪಿಸಿಕೊಂಡರೆ ನಾಳೆ ಹಿಡಿಯಬೇಕು, ಅಷ್ಟೇ. ಆತ ತಿರುಗಿ ಕತ್ತಿ ಬೀಸಿದರೆ ಮಾತು ಬೇರೆ. ಆಗ ಪೊಲೀಸನಿಗೂ ಉಳಿದವರಂತೆ ಆತ್ಮರಕ್ಷಣೆಯ ಹಕ್ಕಿದೆ, ಅದರ ಅಳತೆ ಎದುರಿಗಿರುವ ಅಪಾಯದಷ್ಟೇ.

ಎರಡನೆಯದು ಇಟ್ಟುಕೊಳ್ಳುವಾಗಿನ ಬಲ. ಅದೇ ಹೊಸ ಸಂಹಿತೆಯ 46ನೇ ಕಲಂ ಒಂದೇ ವಾಕ್ಯದ್ದು: ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದುದಕ್ಕಿಂತ ಹೆಚ್ಚು ಕಟ್ಟುಪಾಡು ಕೂಡದು. ಕೋಳ ಇದರೊಳಗೇ ಬರುತ್ತದೆ. ಹೊಸ ಸಂಹಿತೆ ಕೋಳಕ್ಕೆ ಹಳೆಯದಕ್ಕಿಂತ ಹೆಚ್ಚು ಅವಕಾಶ ಕೊಟ್ಟಿದೆ ನಿಜ. ಪದೇಪದೇ ಅಪರಾಧ ಮಾಡುವವನು, ಹಿಂದೆ ಕಸ್ಟಡಿಯಿಂದ ಓಡಿಹೋದವನು, ಕೊಲೆ, ಅತ್ಯಾಚಾರ, ಆ್ಯಸಿಡ್ ದಾಳಿ, ಮಾದಕವಸ್ತು, ಸಂಘಟಿತ ಅಪರಾಧ ಮುಂತಾದವುಗಳ ಆರೋಪಿ ಎಂದು ಪಟ್ಟಿಯೇ ಇದೆ. ಆ ಪಟ್ಟಿಯಲ್ಲಿ ಇಲ್ಲದವನಿಗೆ ಪೇಟೆಯ ನಡುವೆ ಕೋಳ ಹಾಕಿ ನಡೆಸಿದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ದೂರದ ಉದಾಹರಣೆ ಬೇಡ. ಉತ್ತರ ಕನ್ನಡಕ್ಕೂ ಅನ್ವಯಿಸುವ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ, ಕಾರಣ ದಾಖಲಿಸದೆ ಕೋಳ ತೊಡಿಸಿ ಕರೆದೊಯ್ದ ಪ್ರಕರಣದಲ್ಲಿ ಕಾನೂನು ವಿದ್ಯಾರ್ಥಿಯೊಬ್ಬರಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬಂಧಿಸಲು ಹೋಗುವ ಪೊಲೀಸರ ಮೈಮೇಲೆ ಕ್ಯಾಮರಾ ಇರಬೇಕು ಎಂದೂ ಹೇಳಿತು.

ಮೂರನೆಯದು ಬಾಯಿ ಬಿಡಿಸಲು ಹಾಕುವ ಬಲ. ಪತ್ರಿಕೆಗಳಲ್ಲಿ "ಬೆಂಡೆತ್ತಿದ ಪೊಲೀಸರು", "ಪೊಲೀಸರ ಆತಿಥ್ಯ" ಎಂದು ನಗೆಮಾತಾಗಿ ಬರುವುದು, ಠಾಣೆಯ ಒಳಮಾತಿನಲ್ಲಿ "ಏರೋಪ್ಲೇನ್ ಹತ್ತಿಸೋದು" ಆಗುವುದು, ಇದೇ. ಇದಕ್ಕೆ ಕಾನೂನಿನಲ್ಲಿ ಮಿತಿ ಎಷ್ಟು ಎಂದು ಕೇಳಿದರೆ ಉತ್ತರ ಸೊನ್ನೆ. ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಂ ಪ್ರಕಾರ ತಪ್ಪೊಪ್ಪಿಗೆ ಅಥವಾ ಮಾಹಿತಿ ಕಕ್ಕಿಸಲು, ಮಾಲು ಹಿಂದಿರುಗಿಸುವಂತೆ ಮಾಡಲು ನೋವುಂಟುಮಾಡಿದರೆ 7 ವರ್ಷದವರೆಗೆ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆ. ಆ ಕಲಂಗೆ ಕೊಟ್ಟಿರುವ ಮೊದಲ ಉದಾಹರಣೆಯೇ ಪೊಲೀಸ್ ಅಧಿಕಾರಿಯದು. 1860ರ ದಂಡಸಂಹಿತೆಯಿಂದ ಹಾಗೇ ಉಳಿದು ಬಂದಿದೆ. ಬ್ರಿಟಿಷರಿಗೂ ಠಾಣೆಯ ಒಳಗಿನ ಕಥೆ ಗೊತ್ತಿತ್ತು ಅಂತ ಕಾಣುತ್ತದೆ.

"ಮಗು ಅಪಹರಣವಾಗಿದೆ, ಎಲ್ಲಿಟ್ಟಿದ್ದಾನೆ ಅಂತ ಅವನಿಗೊಬ್ಬನಿಗೇ ಗೊತ್ತು, ಆಗಲೂ ಹೊಡೆಯಬಾರದಾ?" ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. 120ನೇ ಕಲಂನಲ್ಲಿ ಅಂಥ ವಿನಾಯಿತಿ ಇಲ್ಲ. ಅಂಥ ಸಂದರ್ಭ ಸಾವಿರಕ್ಕೊಂದು ಬಂದೀತು. ಆ ಒಂದರ ಹೆಸರಿನಲ್ಲಿ ಏಟು ಬೀಳುವುದು ಮಾತ್ರ ಅಡಿಕೆ ಕಳ್ಳ, ಮೊಬೈಲ್ ಕಳ್ಳ, ಗೋವಾ ಸಾರಾಯಿ ಸಾಗಿಸಿದವನ ಮೇಲೆ.

ಏಟಿನಿಂದ ಕೇಸೇ ಹಾಳಾಗುವುದು

ಹೊಡೆದು ಬಾಯಿ ಬಿಡಿಸಿದ್ದು ಕೋರ್ಟಿನಲ್ಲಿ ಏನಾಗುತ್ತದೆ ಎಂಬುದನ್ನು ಮಾಲು ಕಳೆದುಕೊಂಡವರೂ ತಿಳಿದಿರಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಒಪ್ಪಿಕೊಂಡದ್ದು ಆರೋಪಿಯ ವಿರುದ್ಧ ಸಾಕ್ಷ್ಯವೇ ಆಗುವುದಿಲ್ಲ. ಒಂದೇ ಒಂದು ಕಿಂಡಿ ಇದೆ: ಆತ ಹೇಳಿದ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಪಟ್ಟಷ್ಟು ಮಾತು ಮಾತ್ರ ಸಾಕ್ಷ್ಯ. "ಚೀಲವನ್ನು ಗದ್ದೆ ಮನೆಯ ಹಿಂದಿನ ದರಕಿನ (ಒಣ ಎಲೆಯ) ರಾಶಿಯಲ್ಲಿ ಇಟ್ಟಿದ್ದೇನೆ" ಎಂದರೆ ಅಷ್ಟು. "ಕದ್ದು" ಎಂಬ ಪದ ಬಿದ್ದುಹೋಗುತ್ತದೆ.

ಠಾಣೆಯ ಒಳಗೆ ಲಾಠಿ ಎತ್ತುವ ಆಸೆ ಹುಟ್ಟುವುದು ಈ ಕಿಂಡಿಯಿಂದಲೇ. ಮಾಲು ಸಿಕ್ಕರೆ ಕೇಸು ಗಟ್ಟಿ ಎಂಬ ಲೆಕ್ಕ. ಆದರೆ 1961ರಲ್ಲೇ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ, ಬಲವಂತದಿಂದ ಹೊರಡಿಸಿದ ಅಂಥ ಹೇಳಿಕೆ ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದೆನ್ನುವ ಸಂವಿಧಾನದ 20(3)ನೇ ವಿಧಿಗೆ ಸಿಕ್ಕಿಬೀಳುತ್ತದೆ ಎಂದಿದೆ. ಆರೋಪಿಯ ವಕೀಲರು ಮಾಡುವುದು ಸರಳ: ಜಪ್ತಿ ಮಹಜರಿನ ಹೊತ್ತಿನ ಪಕ್ಕ ವೈದ್ಯರ ಗಾಯದ ಪಟ್ಟಿಯ ಹೊತ್ತು ಇಡುತ್ತಾರೆ. ಬೆಳಿಗ್ಗೆ 7ಕ್ಕೆ ಅಡಿಕೆ ಸಿಕ್ಕಿದೆ, 11ಕ್ಕೆ ಅಂಗಾಲು ಬಾತಿದೆ. ಪಂಚರು (ಮಹಜರಿನ ಸಾಕ್ಷಿಗಳು) "ಸಹಿ ಠಾಣೆಯಲ್ಲೇ ಹಾಕಿದ್ದು" ಎಂದರೆ ಮುಗಿಯಿತು. ಚೀಲ ಅಂಗಳಕ್ಕೆ ವಾಪಸ್ ಬಂದರೂ ಕಳ್ಳತನದ ಕೇಸು ನಿಲ್ಲದೆ ಹೋಗಬಹುದು.

ಮೈ ಹೇಳುವ ಹೊತ್ತು

ಮತ್ತೆ ನಮ್ಮ ಮೂರು ಗಾಯಗಳಿಗೆ ಬರೋಣ. ಓಡುವಾಗ ಮುಗ್ಗರಿಸಿ ಬಿದ್ದವನಿಗೆ ಗಾಯವಾಗುವುದು ಮೈಯ ಉಬ್ಬಿದ ಜಾಗಗಳಲ್ಲಿ: ಅಂಗೈ, ಮೊಣಕೈ, ಮೊಣಕಾಲು, ಗಲ್ಲ, ಹಣೆ. ತರಚಿನೊಳಗೆ ಮಣ್ಣು, ಜಲ್ಲಿಯ ಪುಡಿ ಸಿಗುತ್ತದೆ. ಹಿಡಿಯುವ ಎಳೆದಾಟದಲ್ಲಿ ತೋಳಿನ ಒಳಮೈಯಲ್ಲಿ ಬೆರಳಿನ ಗಾತ್ರದ ದುಂಡು ಕಲೆ ಮೂಡಬಹುದು. ಇವೆಲ್ಲ ರಾತ್ರಿ 9.40ರ ಗಾಯಗಳು, ಅದರಲ್ಲಿ ಅನುಮಾನ ಬೇಡ.

ಜೋಡಿಗೆರೆಯ ಬಾಸುಂಡೆ ಬೇರೆ ಜಾತಿ. ಲಾಠಿಯಂಥ ದುಂಡನೆಯ ಕೋಲು ಮಾಂಸಲ ಜಾಗಕ್ಕೆ ಜೋರಾಗಿ ಬಿದ್ದಾಗ ಕೋಲಿನ ಕೆಳಗಿನ ರಕ್ತ ಎರಡೂ ಬದಿಗೆ ಒತ್ತಲ್ಪಟ್ಟು ಅಲ್ಲಿನ ಸಣ್ಣ ರಕ್ತನಾಳಗಳು ಒಡೆಯುತ್ತವೆ. ಹಾಗಾಗಿ ನಡುವೆ ಬಿಳಿಚಿದ ಪಟ್ಟಿ, ಎರಡು ಕಡೆ ಕೆಂಪುಗೆರೆ, ರೈಲು ಹಳಿಯ ಹಾಗೆ. ಚರಂಡಿಗೆ ಬಿದ್ದರೆ ಈ ಗುರುತು ಬರುವುದಿಲ್ಲ. ಆದರೂ ಅವಸರದ ತೀರ್ಮಾನ ಬೇಡ: ಓಡುತ್ತಿದ್ದವನ ಕಾಲಿಗೆ ಹಿಂದಿನಿಂದ ಲಾಠಿ ಬೀಸಿದ್ದರೆ ಒಂದು ಗೆರೆ ಮೂಡಬಹುದು, ಅದು ಹಿಡಿಯುವ ಬಲದೊಳಗೆ ಬರಲೂಬಹುದು. ನಾಲ್ಕು ಗೆರೆ, ಒಂದರ ಪಕ್ಕ ಒಂದು, ಒಂದೇ ಓರೆಯಲ್ಲಿ, ಎರಡೂ ತೊಡೆಗೆ ಸಮನಾಗಿ ಇದ್ದರೆ ಓಡುತ್ತಿದ್ದವನಿಗೆ ಬಿದ್ದದ್ದು ಎನ್ನುವುದು ಕಷ್ಟ. ಓಡುವವನ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಸಾಲಾಗಿ ಗೆರೆ ಮೂಡಬೇಕಾದರೆ ಕಾಲು ಅಲುಗಾಡದೆ ಇರಬೇಕು, ಅಂದರೆ ಆತ ಆಗಲೇ ಸಿಕ್ಕಿಬಿದ್ದಿರಬೇಕು.

ಅಂಗಾಲಿನ ಬಾವಿಗಂತೂ ಮೇಲಿನ ಯಾವ ವಿವರಣೆಯೂ ಒಗ್ಗುವುದಿಲ್ಲ. ಎತ್ತರದಿಂದ ಹಾರಿ ಕಾಲೂರಿದರೆ ಹಿಮ್ಮಡಿಗೆ ಪೆಟ್ಟಾಗುತ್ತದೆ, ಪಾದದ ನಡುವಿನ ಕಮಾನಿಗಲ್ಲ. ನೆಲ ಮುಟ್ಟದ ಆ ಕಮಾನಿನಲ್ಲಿ ಎರಡೂ ಕಾಲಿಗೆ ಬಾವು, ಒತ್ತಿದರೆ ನೋವು, ಹೆಜ್ಜೆ ಊರಲಾಗದ ಸ್ಥಿತಿ ಇದ್ದರೆ ಅಂಗಾಲಿಗೆ ಹೊಡೆದಿದ್ದಾರೆ ಎಂದೇ ಮೊದಲು ಅನುಮಾನಿಸಬೇಕು. ಅಂಗಾಲಿನ ಚರ್ಮ ದಪ್ಪ, ಹೊರಗೆ ಕಲೆ ಅಷ್ಟಾಗಿ ಕಾಣುವುದಿಲ್ಲ. ಆ ಜಾಗ ಆಯ್ದುಕೊಳ್ಳುವುದೂ ಅದಕ್ಕೇ.

ಬಾಸುಂಡೆಯ ಬಣ್ಣದಿಂದ ದಿನ ಹೇಳಬಹುದು ಎಂದು ವಿಧಿವಿಜ್ಞಾನದ ಪಠ್ಯಗಳು ಕಲಿಸುತ್ತವೆ: ಮೊದಲು ಕೆಂಪು, ಕೆಲವು ಗಂಟೆಗಳಿಂದ ಸುಮಾರು 3ನೇ ದಿನದವರೆಗೆ ನೀಲಿಗಪ್ಪು, 4ನೇ ದಿನದ ಹೊತ್ತಿಗೆ ಕಂದು, 5–6ರಲ್ಲಿ ಹಸಿರು, ಒಂದು ವಾರದ ನಂತರ ಹಳದಿ, ಎರಡು ವಾರಕ್ಕೆ ಮಾಯ. ಇದನ್ನು ಗಡಿಯಾರದಂತೆ ನಂಬಬಾರದು. ವಯಸ್ಸು, ಮೈಬಣ್ಣ, ಗಾಯದ ಆಳ ಎಲ್ಲವೂ ಅದನ್ನು ಹಿಂದೆಮುಂದೆ ಮಾಡುತ್ತವೆ. ಸ್ವಲ್ಪ ಭರವಸೆಯಿಂದ ಹೇಳಬಹುದಾದದ್ದು ಒಂದು: ಹಳದಿ ಬಣ್ಣ 18 ಗಂಟೆಗಿಂತ ಮೊದಲು ಸಾಮಾನ್ಯವಾಗಿ ಕಾಣುವುದಿಲ್ಲ. ಬೆಳಿಗ್ಗೆ 11ರ ಪರೀಕ್ಷೆಯಲ್ಲಿ ಹಳದಿ ಅಂಚು ಕಂಡರೆ ಆ ಗಾಯ ಬಂಧನಕ್ಕಿಂತ ಹಳೆಯದು ಎನ್ನುವ ಪೊಲೀಸರ ಮಾತಿಗೆ ಬೆಲೆ ಇದೆ. ಅಥವಾ ಬಂಧನವೇ ಪೊಲೀಸರು ಬರೆದದ್ದಕ್ಕಿಂತ ಮೊದಲು ಆಗಿರಬೇಕು!

ಈ ಎರಡನೇ ಸಾಧ್ಯತೆ ತಮಾಷೆಯದ್ದಲ್ಲ. "ವಿಚಾರಣೆಗೆ ಅಂತ ಕರೆಸಿದ್ದು" ಎಂದು ಎರಡು ದಿನ ಬೆಂಚಿನ ಮೇಲೆ ಕೂರಿಸಿ, ಮೂರನೇ ದಿನ ಬಂಧನ ತೋರಿಸುವುದು ಹಳೆಯ ರೂಢಿ. ಕರೆಸಬೇಕಿದ್ದರೆ ಲಿಖಿತ ನೋಟಿಸ್ ಇರಬೇಕು, ಆರೋಪಿಗಾದರೆ ಅದು ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಂ ಪ್ರಕಾರದ್ದು (ಮುಂದೆ ಕಾಯ್ದೆಯ ಹೆಸರಿಲ್ಲದೆ ಬರುವ ಕಲಂಗಳೆಲ್ಲ ಇದೇ ಸಂಹಿತೆಯವು). ನೋಟಿಸ್ ಇಲ್ಲದೆ ಠಾಣೆಯಲ್ಲಿ ಕೂತವನ ಹೊತ್ತಿಗೆ ದಾಖಲೆಯೇ ಇರುವುದಿಲ್ಲ, ಏಟಿಗೆ ಅದಕ್ಕಿಂತ ಅನುಕೂಲದ ಹೊತ್ತು ಇನ್ನೊಂದಿಲ್ಲ.

ಚರ್ಮದ ಮೇಲೆ ಕಾಣದ ಎರಡು ಸಂಗತಿಗಳು ಕಲೆಗಿಂತ ಅಪಾಯಕಾರಿ. ತೊಡೆ, ಪೃಷ್ಠ, ಬೆನ್ನಿಗೆ ಬಹಳ ಹೊಡೆದಾಗ ಜಜ್ಜಿದ ಸ್ನಾಯು ಕರಗಿ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಏಟು ಕೊಡುತ್ತದೆ. ಮೂಳೆ ಮುರಿದಿರುವುದಿಲ್ಲ, ರಕ್ತ ಸೋರಿರುವುದಿಲ್ಲ, ಮನುಷ್ಯ ನಡೆದುಕೊಂಡೇ ಮನೆಗೆ ಹೋಗುತ್ತಾನೆ. ಮಾರನೇ ದಿನವೋ ಆಮೇಲೋ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಪ್ರಮಾಣ ಇಳಿಯುತ್ತದೆ, ವಾಂತಿ ಶುರುವಾಗುತ್ತದೆ. ಆಗ ಸ್ನಾಯು, ಮೂತ್ರಪಿಂಡಗಳ ಸ್ಥಿತಿ ತಿಳಿಸುವ ಸಿಪಿಕೆ, ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆ ತಕ್ಷಣ ಆಗಬೇಕು. ತಡವಾದರೆ ಡಯಾಲಿಸಿಸ್, ಕೆಲವೊಮ್ಮೆ ಸಾವು. ಮರಣ ಪ್ರಮಾಣಪತ್ರದಲ್ಲಿ "ಕಿಡ್ನಿ ವೈಫಲ್ಯ" ಎಂದು ಬರೆದು ಮುಗಿಸಿದರೆ ಏಟಿನ ಸುಳಿವೇ ಉಳಿಯುವುದಿಲ್ಲ. "ನಾವು ಬಿಟ್ಟಾಗ ಚೆನ್ನಾಗಿಯೇ ಇದ್ದ" ಎಂಬ ಠಾಣೆಯ ಮಾತು ನಿಜವಾಗಿದ್ದೂ ಸಾವಿಗೆ ಠಾಣೆಯೇ ಕಾರಣವಾಗಿರುವುದು ಸಾಧ್ಯ.

ಇನ್ನೊಂದು ತಲೆಗೆ ಬಿದ್ದ ಪೆಟ್ಟು. ಗೋವಾ ಗಡಿಗೆ ಹತ್ತಿರದ ನಮ್ಮ ಕರಾವಳಿಯಲ್ಲಿ ರಾತ್ರಿ ಸಿಕ್ಕವನ ಬಾಯಲ್ಲಿ ಸಾರಾಯಿ ವಾಸನೆ ಇರುವುದು ಹೊಸದಲ್ಲ. ತೊದಲುತ್ತಾನೆ, ತೂರಾಡುತ್ತಾನೆ, ಲಾಕಪ್ಪಿನಲ್ಲಿ ಗೊರಕೆ ಹೊಡೆದು ಮಲಗುತ್ತಾನೆ, "ಇಳಿದ ಮೇಲೆ ಸರಿಯಾಗ್ತಾನೆ" ಎಂದು ಸೆಂಟ್ರಿ ಬಿಡುತ್ತಾನೆ. ತಲೆಬುರುಡೆಯೊಳಗೆ ರಕ್ತ ಕಟ್ಟುತ್ತಿದ್ದರೂ ಲಕ್ಷಣ ಹೀಗೇ ಇರುತ್ತದೆ. ನಡುವೆ ಒಂದಿಷ್ಟು ಹೊತ್ತು ಪೂರ್ತಿ ಎಚ್ಚರವಾಗಿ ಮಾತಾಡಲೂಬಹುದು. ಹಿಡಿಯುವಾಗ ಬಿದ್ದವನನ್ನು, ಕುಡಿದವನನ್ನು, ರಾತ್ರಿ ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸಿ ಡೈರಿಯಲ್ಲಿ ಬರೆಯಬೇಕು ಎನ್ನುವುದು ಅದಕ್ಕೆ. ಇಲ್ಲಿ ಏಟು ಕೊಟ್ಟಿರದಿದ್ದರೂ ಹೊಣೆ ತಪ್ಪುವುದಿಲ್ಲ. ಕಸ್ಟಡಿಯಲ್ಲಿ ಇರುವವನ ಆರೋಗ್ಯ, ಸುರಕ್ಷತೆ ಇಟ್ಟುಕೊಂಡವರದ್ದು ಎಂದು 56ನೇ ಕಲಂ ಹೇಳುತ್ತದೆ.

ವೈದ್ಯರ ಒಂದು ಸಾಲು

53ನೇ ಕಲಂ ಪ್ರಕಾರ ಬಂಧನವಾದ ಕೂಡಲೇ ಸರ್ಕಾರಿ ವೈದ್ಯಾಧಿಕಾರಿಯಿಂದ ಪರೀಕ್ಷೆ ಆಗಬೇಕು, ಮಹಿಳೆಯಾದರೆ ಮಹಿಳಾ ವೈದ್ಯರಿಂದ ಅಥವಾ ಅವರ ಮೇಲ್ವಿಚಾರಣೆಯಲ್ಲಿ. ಗಾಯ, ಹಿಂಸೆಯ ಗುರುತು, ಅದು ಆಗಿರಬಹುದಾದ ಅಂದಾಜು ಹೊತ್ತು ಇಷ್ಟನ್ನೂ ಬರೆದು, ಒಂದು ಪ್ರತಿಯನ್ನು ಬಂಧಿತನಿಗೆ ಅಥವಾ ಆತ ಹೇಳಿದವರಿಗೆ ಕೊಡಬೇಕು. ಕಾನೂನು ಹೊತ್ತನ್ನು ಹೆಸರಿಸಿ ಕೇಳಿರುವುದನ್ನು ಗಮನಿಸಿ.

ನಡೆಯುವುದು ಏನು? ಹೊರರೋಗಿಗಳ ಸಾಲಿನ ನಡುವೆ ಸಮವಸ್ತ್ರದ ಇಬ್ಬರು ಒಬ್ಬನನ್ನು ತಂದು ನಿಲ್ಲಿಸುತ್ತಾರೆ. ಬಿಪಿ, ನಾಡಿ ನೋಡಿ, ಅಂಗಿ ಸಹ ಬಿಚ್ಚಿಸದೆ "ಹೊರಗಾಯಗಳಿಲ್ಲ, ಕಸ್ಟಡಿಗೆ ಯೋಗ್ಯ" ಎಂದು ಬರೆದು ಸೀಲು ಹಾಕಿದರೆ ಎರಡು ನಿಮಿಷದ ಕೆಲಸ. ಪ್ಯಾಂಟಿನ ಕೆಳಗಿನ ನಾಲ್ಕು ಗೆರೆ ಹಾಗೇ ಉಳಿಯುತ್ತವೆ. ಸರಿಯಾಗಿ ಮಾಡುವ ವೈದ್ಯರು ಪೊಲೀಸರನ್ನು ಮಾತು ಕೇಳದಷ್ಟು ದೂರ ನಿಲ್ಲಿಸುತ್ತಾರೆ, ಬಟ್ಟೆ ಪೂರ್ತಿ ತೆಗೆಸುತ್ತಾರೆ, ಅಂಗಾಲು, ಕಿವಿಯ ಒಳಗು, ಮಣಿಕಟ್ಟು ನೋಡುತ್ತಾರೆ, ಪ್ರತಿ ಗಾಯದ ಉದ್ದಗಲ ಸೆಂಟಿಮೀಟರಿನಲ್ಲಿ, ಜಾಗ, ಬಣ್ಣ ಬರೆದು ಮೈಯ ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಕಿವಿ ಏಕೆಂದರೆ ಕಪಾಳಕ್ಕೆ ಹೊಡೆದಾಗ ತಮಟೆ ಹರಿದಿರಬಹುದು. ಗಾಢ ಮೈಬಣ್ಣದವರಲ್ಲಿ ಕಣ್ಣಿಗೆ ಕಲೆ ಕಾಣದಿದ್ದರೂ ಒತ್ತಿ ನೋಡಿದಾಗ ಬಿಗಿದ ಸ್ನಾಯು ಕೈಗೆ ಸಿಗುತ್ತದೆ.

ಆಳದ ಬಾಸುಂಡೆ ಮೇಲಕ್ಕೆ ಬರಲು ಒಂದೆರಡು ದಿನ ಬೇಕು. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದೆ ಮೂರನೇ ದಿನ ಕಂಡರೆ ಅದು ಸುಳ್ಳು ಗಾಯ ಆಗಬೇಕೆಂದಿಲ್ಲ. ಕಸ್ಟಡಿ ಹಿಂಸೆಯ ಕುರಿತ ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಕೊಟ್ಟ 11 ಸೂಚನೆಗಳಲ್ಲಿ 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಇರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದೇ ತೀರ್ಪಿನಲ್ಲಿ ಜನ ಹೆಚ್ಚು ಬಳಸದ ಇನ್ನೊಂದು ಸೂಚನೆ ಇದೆ: ಬಂಧಿತ ಕೇಳಿಕೊಂಡರೆ ಬಂಧನದ ಹೊತ್ತಿನಲ್ಲೇ ಮೈಮೇಲಿನ ಸಣ್ಣ ದೊಡ್ಡ ಗಾಯಗಳ ಪಟ್ಟಿ ಮಾಡಿ, ಆತ ಮತ್ತು ಪೊಲೀಸ್ ಇಬ್ಬರೂ ಸಹಿ ಹಾಕಿ, ಪ್ರತಿ ಕೊಡಬೇಕು. ನಿಯತ್ತಿನ ಪಿಎಸ್‌ಐಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. 10.30ಕ್ಕೇ "ಮೊಣಕೈ, ಮೊಣಕಾಲು ತರಚು" ಎಂದು ಬರೆದು ಸಹಿ ಹಾಕಿಸಿದ್ದರೆ ನಾಳೆ ಆ ತರಚನ್ನು ಯಾರೂ ಅವರ ತಲೆಗೆ ಕಟ್ಟಲಾರರು. ಬರೆಯದಿದ್ದರೆ ತರಚೂ ಬಾಸುಂಡೆಯ ಜೊತೆ ಸೇರಿಕೊಳ್ಳುತ್ತದೆ.

ನ್ಯಾಯಾಲಯದ ನಂತರ ಜೈಲಿಗೆ ಹೋದರೆ ಅಲ್ಲಿಯೂ ಒಂದು ದಾಖಲೆ ಹುಟ್ಟುತ್ತದೆ. ಬೇರೆಯವರ ಗಾಯ ತಮ್ಮ ಲೆಕ್ಕಕ್ಕೆ ಬರಬಾರದೆಂದು ಜೈಲಿನವರು ಒಳಗೆ ಬಿಡುವಾಗಲೇ ಮೈ ನೋಡಿ ಬರೆದುಕೊಳ್ಳುತ್ತಾರೆ. ಆಸ್ಪತ್ರೆ "ಗಾಯವಿಲ್ಲ" ಎಂದಿದ್ದು, ಅದೇ ಸಂಜೆ ಜೈಲಿನ ರಿಜಿಸ್ಟರು ನಾಲ್ಕು ಬಾಸುಂಡೆ ಎಂದರೆ ವಕೀಲರಿಗೆ ಅದೇ ಸಾಕು.

ಠಾಣೆಯ ಗಡಿಯಾರಗಳು

24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಹೊತ್ತು ಬಿಟ್ಟು. ಲೆಕ್ಕ ಶುರುವಾಗಬೇಕಾದ್ದು ಆತನ ಓಡಾಟ ನಿಂತ 9.40ಕ್ಕೆ. ಬಂಧನ ಮೆಮೊದಲ್ಲಿ "ಬೆಳಿಗ್ಗೆ 8.00" ಎಂದು ಬರೆದರೆ ನಡುವಿನ ಹತ್ತು ಗಂಟೆ ಇಪ್ಪತ್ತು ನಿಮಿಷ ಕಾಗದದ ಮೇಲೆ ಇಲ್ಲವಾಗುತ್ತದೆ. ಅದಕ್ಕೇ ಮೆಮೊಗೆ ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಸಹಿ ಹಾಕಬೇಕು ಎಂದು 36ನೇ ಕಲಂ ಕೇಳುವುದು. ಮನೆಯವರಿಗೆ ಕರೆ ಮಾಡಿದ ಹೊತ್ತು ಫೋನಿನಲ್ಲೇ ಉಳಿದಿರುತ್ತದೆ. ಅದು ಮೆಮೊದ ಹೊತ್ತಿಗಿಂತ ಮೊದಲಿನದ್ದಾಗಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ದೊಡ್ಡ ಗಡಿಯಾರ ಸಿಸಿಟಿವಿ. 2020ರ ಡಿಸೆಂಬರ್ 2ರ ಸುಪ್ರೀಂ ಕೋರ್ಟ್ ಆದೇಶದಂತೆ ಪ್ರತಿ ಠಾಣೆಯ ಗೇಟು, ಲಾಕಪ್ಪು, ಕಾರಿಡಾರ್, ಇನ್‌ಸ್ಪೆಕ್ಟರ್ ಮತ್ತು ಎಸ್‌ಐ ಕೋಣೆ, ಹಿತ್ತಲು, ಶೌಚಾಲಯದ ಹೊರಗಡೆ ಎಲ್ಲ ಕಡೆ ಕತ್ತಲಲ್ಲೂ ಕಾಣುವ, ಧ್ವನಿಯೂ ದಾಖಲಾಗುವ ಕ್ಯಾಮರಾ ಇರಬೇಕು. ದೃಶ್ಯ 18 ತಿಂಗಳು ಉಳಿಯಬೇಕು, ಅಂಥ ಯಂತ್ರ ಸಿಗದಿದ್ದರೆ ಒಂದು ವರ್ಷಕ್ಕೆ ಕಡಿಮೆ ಇರಬಾರದು. ಬೇಕಾದ ದಿನದ ದೃಶ್ಯ ಇಲ್ಲ ಎಂಬುದಕ್ಕೆ ಮಲೆನಾಡು, ಕರಾವಳಿಯಲ್ಲಿ ಸಿದ್ಧ ಉತ್ತರ: "ಮಳೆ, ಕರೆಂಟಿರಲಿಲ್ಲ." ಇರಬಹುದು, ಜುಲೈಯಲ್ಲಿ ಕರೆಂಟು ಹೋಗದ ದಿನ ಯಾವುದು? ಆದರೆ ಕರೆಂಟಿಗೂ ದಾಖಲೆ ಇದೆ. ಯಾವ ಫೀಡರ್ (ವಿದ್ಯುತ್ ಮಾರ್ಗ) ಎಷ್ಟು ಗಂಟೆಗೆ ಹೋಗಿ ಎಷ್ಟಕ್ಕೆ ಬಂತು ಎಂದು ಹೆಸ್ಕಾಂ ಸಬ್‌ಸ್ಟೇಷನ್ನಿನ ಲಾಗ್‌ಬುಕ್ಕಿನಲ್ಲಿ ಬರೆದಿರುತ್ತಾರೆ, ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ರೆಕಾರ್ಡರ್ ಆಫ್ ಆಗಿ ಆನ್ ಆದ ಹೊತ್ತು ಅದರ ಒಳಗೇ ದಾಖಲಾಗಿರುತ್ತದೆ. ಎರಡೂ ತಾಳೆಯಾಗದಿದ್ದರೆ ಹೋದದ್ದು ಕರೆಂಟಲ್ಲ, ಪ್ಲಗ್ಗು.

ರಿಮಾಂಡಿಗೆ, ಅಂದರೆ ಕಸ್ಟಡಿ ಮುಂದುವರಿಸಲು ಅನುಮತಿ ಕೇಳಿ, ತಂದಾಗ ಮ್ಯಾಜಿಸ್ಟ್ರೇಟರು ಕೇಳುವ ಪ್ರಶ್ನೆ ಒಂದೇ: ಪೊಲೀಸರಿಂದ ಏನಾದರೂ ತೊಂದರೆ ಆಗಿದೆಯೇ? ಹಿಂದೆ ನಿಂತವರು ಅದೇ ಪೊಲೀಸರು, ವಾಪಸ್ ಹೋಗಬೇಕಾದದ್ದು ಅದೇ ಜೀಪಿನಲ್ಲಿ. "ಇಲ್ಲ" ಎನ್ನುತ್ತಾನೆ. ಹಾಳೆಯಲ್ಲಿ "ದೂರಿಲ್ಲ" ಎಂದು ಬೀಳುತ್ತದೆ, ಮುಂದೆ ಎಲ್ಲ ವಾದಕ್ಕೂ ಅದೇ ಅಡ್ಡ ಬರುತ್ತದೆ. ವಕೀಲರು ಇದ್ದರೆ "ಕಾಲು ತೋರಿಸು" ಎಂದು ಹೇಳಿಸುತ್ತಾರೆ. ಬಾಯಿ ಹೆದರಿದರೂ ಅಂಗಾಲು ಹೆದರುವುದಿಲ್ಲ.

ಮಹಜರಿಗೆ ಹೋದಾಗಿನ ಗುಂಡು

"ಸ್ಥಳ ಮಹಜರಿಗೆ ಕರೆದೊಯ್ದಾಗ ಪೊಲೀಸರ ಮೇಲೆ ಹಲ್ಲೆ, ಆರೋಪಿಯ ಕಾಲಿಗೆ ಗುಂಡು." ಈ ತಲೆಬರಹ ಕನ್ನಡದ ಓದುಗರಿಗೆ ಬಾಯಿಪಾಠ. ಪ್ರತಿಯೊಂದೂ ಸುಳ್ಳು ಎನ್ನಲಾಗದು, ಪ್ರತಿಯೊಂದನ್ನೂ ತೂಗಬೇಕು. 2014ರಲ್ಲಿ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವುಗಳಿಗೆ ಕೊಟ್ಟ 16 ಸೂಚನೆಗಳು, ಸಾಧ್ಯವಾದಷ್ಟು ಮಟ್ಟಿಗೆ ತೀವ್ರ ಗಾಯದ ಪ್ರಕರಣಗಳಿಗೂ ಅನ್ವಯ: ತನಿಖೆ ಸಿಐಡಿ ಅಥವಾ ಬೇರೆ ಠಾಣೆಯ ತಂಡದಿಂದ ಆಗಬೇಕು, ಹಾರಿಸಿದ ಅಧಿಕಾರಿ ಪಿಸ್ತೂಲನ್ನು ಪರೀಕ್ಷೆಗೆ ಒಪ್ಪಿಸಬೇಕು. ಕೇಳಬೇಕಾದ ಪ್ರಶ್ನೆಗಳು ಸರಳ. ಕೋಳ ಯಾರು, ಏಕೆ ಬಿಚ್ಚಿದರು? ಆತನ ಕೈಗೆ ಕತ್ತಿ ಎಲ್ಲಿಂದ ಬಂತು? ಗಾಳಿಯಲ್ಲಿ ಹಾರಿಸಿದ ಗುಂಡಿನ ಖಾಲಿ ಕೋಶ ಸಿಕ್ಕಿತೇ? ಗಾಯದ ಸುತ್ತ ಚರ್ಮದಲ್ಲಿ ಮದ್ದಿನ ಚುಕ್ಕೆ ಇದೆಯೇ? ಪಿಸ್ತೂಲಿನ ಗುಂಡಿಗೆ ಅಂಥ ಚುಕ್ಕೆ ಮೂಡಬೇಕಾದರೆ ಕೊಳವೆ ಎರಡು ಮೂರು ಅಡಿಯೊಳಗೆ ಇರಬೇಕು. ಓಡಿಹೋಗುತ್ತಿದ್ದವನು ಅಷ್ಟು ಹತ್ತಿರ ಇರುವುದಿಲ್ಲ.

ಸಾವಾದರೆ

ಕಸ್ಟಡಿ ಸಾವಾದರೆ ಪೊಲೀಸ್ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ, 196ನೇ ಕಲಂ. 24 ಗಂಟೆಯೊಳಗೆ ಶವ ಪರೀಕ್ಷೆಗೆ ಹೋಗಬೇಕು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೂ 24 ಗಂಟೆಯೊಳಗೆ ತಿಳಿಸಬೇಕು, ಶವಪರೀಕ್ಷೆಯ ವಿಡಿಯೊ ಆಗಬೇಕು. ಸಂಬಂಧಿಕರು ವಿಚಾರಣೆಯ ವೇಳೆ ಹಾಜರಿರಬಹುದು. ಬೆನ್ನು, ಪೃಷ್ಠ, ಅಂಗಾಲಿನ ಚರ್ಮ ಕೊಯ್ದು ಒಳಗಿನ ಸ್ನಾಯು ನೋಡಬೇಕೆಂದು ಮೊದಲೇ ಬರೆದು ಕೊಡಬೇಕು. ಎದೆ, ಹೊಟ್ಟೆ, ತಲೆ ಮಾತ್ರ ತೆರೆದರೆ ಏಟು ಸಿಗದೇ ಹೋಗುತ್ತದೆ. ಯುಡಿಆರ್ (ಅಸಹಜ ಸಾವಿನ ವರದಿ) ಎಂದು ಒಂದು ಸಂಖ್ಯೆ ಕೊಟ್ಟು ಶವ ಒಯ್ಯಿರಿ ಎಂದರೆ ಅವಸರ ಬೇಡ. ದಹನವಾದ ಮೇಲೆ ಎರಡನೇ ಪರೀಕ್ಷೆ ಇಲ್ಲ.

ಇಲ್ಲಿ ಲೆಕ್ಕ ತಿರುಗುತ್ತದೆ. ಮಾಮೂಲಿ ಕೇಸಿನಲ್ಲಿ ದೂರುದಾರ ಸಾಬೀತು ಮಾಡಬೇಕು. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಏನಾಯಿತೆಂದು ಗೊತ್ತಿರುವವರು ಒಳಗಿದ್ದವರು ಮಾತ್ರ. 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿ ಗಾಯ ಹೇಗಾಯಿತೆಂದು ಸರ್ಕಾರವೇ ವಿವರಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿ, ಕಸ್ಟಡಿಯಲ್ಲಿ ಸತ್ತವನ ತಾಯಿಗೆ 1.5 ಲಕ್ಷ ರೂಪಾಯಿ ಕೊಡಿಸಿತು. ಇದು ಪರಿಹಾರದ ಮಾತು. ಜೈಲು ಶಿಕ್ಷೆ ಆಗಬೇಕಾದರೆ ಇಂಥವನೇ ಹೊಡೆದ ಎಂದು ತೋರಿಸಬೇಕು, ಠಾಣೆಯೊಳಗಿನ ಸಾಕ್ಷಿ ಸಹೋದ್ಯೋಗಿಯೇ ಆಗಿರುತ್ತಾನೆ. ಕಸ್ಟಡಿಯಲ್ಲಿ ಗಾಯವಾಗಿದ್ದರೆ ಪೊಲೀಸರೇ ಮಾಡಿದ್ದೆಂದು ಊಹಿಸಲು ಅವಕಾಶ ಕೊಡಿ ಎಂದು ಕಾನೂನು ಆಯೋಗ 1985ರ 113ನೇ ವರದಿಯಲ್ಲೇ ಶಿಫಾರಸು ಮಾಡಿತ್ತು. ಹೊಸ ಸಾಕ್ಷ್ಯ ಕಾಯ್ದೆ ಬಂದರೂ ಅದು ಸೇರಲಿಲ್ಲ. ಹಿಂಸೆ ವಿರೋಧಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದ್ದರೂ ಅನುಮೋದಿಸಿಲ್ಲ.

ಅನುಮತಿ ಎಂಬ ಗೇಟು

ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಕರ್ನಾಟಕದಲ್ಲಿ ಎರಡು ಗೇಟುಗಳಿವೆ: ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ, ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಕಲಂ. ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ಇಲ್ಲ. ಠಾಣೆಯಲ್ಲಿ ಹೊಡೆಯುವುದು ಕರ್ತವ್ಯವೇ ಎಂದು ಯಾರಾದರೂ ಕೇಳುತ್ತಾರೆ. ಉತ್ತರ ಅಷ್ಟು ಸಲೀಸಲ್ಲ. 2020ರ ಜೂನ್‌ನಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿ ಮಿತಿ ಮೀರಿದ್ದರೂ ಆ ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸ ನಂಟಿದ್ದರೆ ಅನುಮತಿ ಬೇಕೇ ಬೇಕು ಎಂದು ಹೇಳಿ ಖಾಸಗಿ ದೂರನ್ನು (ನೇರ ಮ್ಯಾಜಿಸ್ಟ್ರೇಟರಿಗೆ ಕೊಡುವ ದೂರು) ವಜಾ ಮಾಡಿತು. ಹೀಗಾಗಿ ನಮ್ಮ ಮೂರು ವಿಂಗಡಣೆ ಇಲ್ಲೂ ಬೇಕು. ಮೂರೂ ಗಾಯವನ್ನು ಒಟ್ಟುಗೂಡಿಸಿ "ಬಂಧಿಸುವಾಗ ಹಾಗೂ ನಂತರ ಹೊಡೆದರು" ಎಂದು ದೂರು ಬರೆದರೆ ಬಂಧನದ ಕರ್ತವ್ಯ ಅದಕ್ಕೆ ಅಂಟಿಕೊಳ್ಳುತ್ತದೆ. ರಾತ್ರಿ 9.40 ಬೇರೆ, ನಡುರಾತ್ರಿಯ ಲಾಕಪ್ಪು ಬೇರೆ ಎಂದು ಪ್ಯಾರಾ ಒಡೆದು ಬರೆಯಬೇಕು. ಹೊಸ ಸಂಹಿತೆ ಒಂದು ಒಳ್ಳೆಯದು ಮಾಡಿದೆ: 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಇನ್ನೊಂದು ಬಿಗಿ ಮಾಡಿದೆ: 223ನೇ ಕಲಂ ಪ್ರಕಾರ, ಖಾಸಗಿ ದೂರಿನಲ್ಲಿ ಮ್ಯಾಜಿಸ್ಟ್ರೇಟರು ಮೊದಲು ಆ ನೌಕರನ ಮಾತನ್ನೂ ಮೇಲಧಿಕಾರಿಯ ವರದಿಯನ್ನೂ ತರಿಸಿಕೊಳ್ಳಬೇಕು.

ಅನುಮತಿ ಬೇಡದ ದಾರಿಗಳು ಉಳಿದೇ ಇವೆ. ಕಾರವಾರದ ಎಸ್‌ಪಿ ಕಚೇರಿಗೆ ಲಿಖಿತ ದೂರು. ರಾಜ್ಯ ಮಾನವ ಹಕ್ಕುಗಳ ಆಯೋಗ, ಘಟನೆಯಾದ ಒಂದು ವರ್ಷದೊಳಗೆ. ಪೊಲೀಸ್ ಸುಧಾರಣೆಯ ಕುರಿತ 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ಹುಟ್ಟಿದ ಪೊಲೀಸ್ ದೂರು ಪ್ರಾಧಿಕಾರ. ಪರಿಹಾರಕ್ಕೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ. ಯಾವುದಕ್ಕೆ ಹೋದರೂ ಮೊದಲ ವಾರದಲ್ಲಿ ಕೂಡಿಟ್ಟದ್ದೇ ಬಂಡವಾಳ. ಗಾಯದ ಫೋಟೊ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ, ಒಂದು ದೂರದಿಂದ, ಒಂದು ಹತ್ತಿರದಿಂದ, ಮತ್ತೆ ಎರಡನೇ ಹಾಗೂ ನಾಲ್ಕನೇ ದಿನ. ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ತಾರೀಖು, ಗಂಟೆ ಸಹಿತ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆವತ್ತು ತೊಟ್ಟಿದ್ದ ಬಟ್ಟೆಯನ್ನು ಒಗೆಯಬೇಡಿ. ನೆರಳಲ್ಲಿ ಒಣಗಿಸಿ, ಪ್ರತಿಯೊಂದನ್ನೂ ಬೇರೆಬೇರೆ ಕಾಗದದ ಚೀಲದಲ್ಲಿ ಕಟ್ಟಿ ಮೇಲೆ ದಿನಾಂಕ ಬರೆದಿಡಿ. ಪ್ಲಾಸ್ಟಿಕ್ ಬೇಡ, ನಮ್ಮ ಕಡೆಯ ಜುಲೈಯಲ್ಲಿ ಅದರೊಳಗೆ ಎರಡೇ ದಿನಕ್ಕೆ ಬೂಷ್ಟು ಹಿಡಿದು ರಕ್ತದ ಕಲೆ ಪರೀಕ್ಷೆಗೆ ಸಿಗದಂತಾಗುತ್ತದೆ.